ಕಡಲಿಲ್ಲದ ಊರಿನಲ್ಲಿ ಕಡಲಜೀವಿಗಳ ಪರಿಚಯ

ಸೇಡಂ ತಾಲ್ಲೂಕಿನ ಮುಧೋಳದಿಂದ ಪಡುವಣಕ್ಕೆ ಹೋದರೂ ಮೂಡಣಕ್ಕೆ ಹೋದರೂ ಸಮುದ್ರವು ಮುನ್ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿದೆ. ಕಾರವಾರದ ಹುಡುಗನಿಗೆ ಬಲೆಯಿಂದ ಸುರಿಯುವ ಜೀವಿಗಳು ದಿನವೂ ಕಣ್ಣಿಗೆ ಬೀಳುತ್ತವೆ. ಮುಧೋಳದ ಹುಡುಗನಿಗೆ ಆ ಅನುಕೂಲವಿಲ್ಲ. ಆದರೂ ತಿಮಿಂಗಿಲದ ಚಿತ್ರವೊಂದನ್ನು ಕಂಡೊಡನೆ ಅವನು ಕೇಳತೊಡಗುತ್ತಾನೆ: ಅದು ಎಷ್ಟು ಉದ್ದ? ಅದಕ್ಕೆ ನಿದ್ದೆಯುಂಟೆ? ಅದು ಮೀನೆ? ಮನೆಯಲ್ಲಿ ಯಾರೂ ಉತ್ತರ ಕೊಡದಿದ್ದರೆ ಕೆಲವು ದಿನಗಳಲ್ಲಿ ಅವನು ಕೇಳುವುದನ್ನೇ ಬಿಟ್ಟುಬಿಡುವನು. ಹಾಗಾಗದಂತೆ ನೋಡಿಕೊಳ್ಳಲು, ಇಂಥ ತಮ್ಮನೋ ತಂಗಿಯೋ ಇರುವ ವಿದ್ಯಾರ್ಥಿಗಳು ಏನು ಮಾಡಬಹುದೆಂಬುದನ್ನು ಇಲ್ಲಿ ವಿಚಾರಿಸೋಣ.

ಇದಕ್ಕೆ ಬೇಕಾದ ಸಾಧನ ದೂರದಲ್ಲೇನೂ ಇಲ್ಲ. ಈ ಸೀಮೆಯು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಾಗಲೇ, ೧೯೫೫ರಲ್ಲಿ, ಅಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದಿತು. ೧೯೬೫ರಲ್ಲಿ ಮೈಸೂರು ರಾಜ್ಯವೂ ಅಂಥ ಕಾಯಿದೆಯನ್ನು ಮಾಡಿತು. ೨೦೨೦ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ, ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಲ್ಲಿ ೬ರಿಂದ ೧೮ ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಆದರೆ ಮಗುವನ್ನು ಪುಸ್ತಕಗಳ ನಡುವೆ ಕೂರಿಸಿದ ಮಾತ್ರಕ್ಕೆ ಆಸಕ್ತಿ ಬೆಳೆಯಲಾರದು. ಪ್ರತಿ ಭೇಟಿಗೂ ಮಗುವಿನದೇ ಆದ ಒಂದು ಪ್ರಶ್ನೆ ಬೇಕು. ಅದನ್ನು ಚೀಟಿಯಲ್ಲಿ ಬರೆಸಿ, ಚೀಟಿಯೊಡನೆ ಗ್ರಂಥಾಲಯಕ್ಕೆ ಹೋಗುವುದು ಒಳ್ಳೆಯ ಪದ್ಧತಿ.

ತಿಮಿಂಗಿಲವು ಮೀನೆ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಮೆಲ್ವಿಲ್ ಡ್ಯೂಯಿ ೧೮೭೬ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯಗಳಲ್ಲಿ ಮೀನುಗಳ ಪುಸ್ತಕಗಳಿಗೆ ೫೯೭ ಎಂಬ ಅಂಕವಿದೆ. ಮಗು ಅಲ್ಲಿ ಹುಡುಕಿದರೆ ತಿಮಿಂಗಿಲದ ಪುಸ್ತಕ ಸಿಗದು. ಅದು ಹಸು, ಆನೆ, ಬಾವಲಿಗಳ ಜೊತೆಯಲ್ಲಿ, ೫೯೯ರ ಸಾಲಿನಲ್ಲಿದೆ! ಕಪಾಟಿನ ಜೋಡಣೆಯೇ ಇಲ್ಲಿ ಪಾಠ ಹೇಳುತ್ತದೆ. ತಿಮಿಂಗಿಲಕ್ಕೆ ಶ್ವಾಸಕೋಶವಿದೆ, ಉಸಿರಿಗಾಗಿ ಅದು ನೀರಿನ ಮೇಲಕ್ಕೆ ಬರಲೇಬೇಕು, ಮರಿಗೆ ಹಾಲೂಡುತ್ತದೆ. ಮೀನೆಂದು ತಿಳಿದಿದ್ದ ಮಗು ನಾಚಬೇಕಾಗಿಲ್ಲ. ಜೀವಿಗಳ ವರ್ಗೀಕರಣಕ್ಕೆ ತಳಹದಿ ಹಾಕಿದ ಲಿನೀಯಸನೂ ಮೊದಲು ಅದನ್ನು ಮೀನುಗಳ ಗುಂಪಿನಲ್ಲಿಟ್ಟಿದ್ದು, ೧೭೫೮ರ ಆವೃತ್ತಿಯಲ್ಲಿ ಸಸ್ತನಿಗಳ ಗುಂಪಿಗೆ ವರ್ಗಾಯಿಸಿದನು.

ಪುಸ್ತಕದಲ್ಲಿ ಓದಿದುದನ್ನು ಕಣ್ಣಾರೆ ನೋಡುವುದು ಎರಡನೆಯ ಹೆಜ್ಜೆ. ಊರಿನ ಕೆರೆಯಲ್ಲಿ ಈಜುವ ಮೀನಿನ ಬಾಲ ಎಡಬಲಕ್ಕೆ ಆಡುತ್ತದೆ. ಚಿತ್ರದಲ್ಲಿರುವ ತಿಮಿಂಗಿಲದ ಬಾಲವಾದರೋ ಅಡ್ಡಲಾಗಿ ಹರಡಿದೆ. ಅದು ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ. ನೀಲಿ ತಿಮಿಂಗಿಲವು ಸುಮಾರು ೩೦ ಮೀಟರು ಉದ್ದ ಬೆಳೆಯಬಲ್ಲದೆಂದು ಓದಿದ ದಿನ ಶಾಲೆಯ ಬಯಲಿನಲ್ಲಿ ಅಷ್ಟು ಉದ್ದದ ಹಗ್ಗವನ್ನು ಎಳೆದು, ಮಗುವನ್ನು ಅದರ ತುದಿಯಿಂದ ತುದಿಗೆ ನಡೆಸಿರಿ. ಆಗ ಅಂಕಿಗೆ ಅರ್ಥ ಬರುತ್ತದೆ.

ಕಡಲಿನ ಜೀವಿಗಳ ನೆಂಟರು ನಮ್ಮ ನೆಲದಲ್ಲಿಯೂ ಇದ್ದಾರೆ. ಮೂರು ಹೃದಯಗಳೂ ನೀಲಿಯ ರಕ್ತವೂ ಉಳ್ಳ ಆಕ್ಟೋಪಸ್ಸು ಕೆರೆಯ ಬಸವನಹುಳುವಿನಂತೆ ಮೃದ್ವಂಗಿಗಳ ವಂಶದ್ದು. ಹಳ್ಳದ ಏಡಿಯು ಕಡಲಿನ ಸಿಗಡಿಯ ದಾಯಾದಿ. ನಕ್ಷತ್ರಮೀನು ಮಾತ್ರ ಹೆಸರಿಗಷ್ಟೇ ಮೀನು. ಅದಕ್ಕೆ ಬೆನ್ನೆಲುಬಿಲ್ಲ, ಮಿದುಳಿಲ್ಲ. ದೇಹದ ನಾಳಗಳಲ್ಲಿ ನೀರು ತುಂಬಿ, ಆ ಒತ್ತಡದಿಂದ ಚಾಚುವ ನೂರಾರು ಪುಟ್ಟ ಕೊಳವೆಗಾಲುಗಳಿಂದ ತೆವಳುತ್ತದೆ.

ಒಂದು ಉತ್ತರವು ಮತ್ತೊಂದು ಪ್ರಶ್ನೆಯನ್ನು ಹುಟ್ಟಿಸಬೇಕು. ಉಸಿರಿಗಾಗಿ ಮೇಲೆ ಬರಲೇಬೇಕಾದರೆ ಮಲಗುವುದು ಹೇಗೆ? ತಿಮಿಂಗಿಲದ ಹತ್ತಿರದ ಬಂಧುವಾದ ಡಾಲ್ಫಿನ್ನಿನಲ್ಲಿ ಮಿದುಳಿನ ಅರ್ಧಭಾಗ ನಿದ್ರಿಸುವಾಗ ಉಳಿದರ್ಧ ಎಚ್ಚರವಾಗಿರುತ್ತದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಇದು ಮುಂದಿನ ಭೇಟಿಗೆ ಸಾಕಾಗುವ ವಿಷಯವಲ್ಲವೆ?

ಇನ್ನೊಂದು ಪ್ರಶ್ನೆ ಮಗುವಿನ ಕಾಲಡಿಯಲ್ಲಿಯೇ ಇದೆ. ಈ ಭಾಗದ ಮನೆಗಳಿಗೆ ಹಾಸುವ ಶಹಾಬಾದಿನ ಫರಸಿ, ವಾಡಿ ಸೇಡಂಗಳ ಸಿಮೆಂಟಿಗೆ ಬೇಕಾದ ಸುಣ್ಣಕಲ್ಲು, ಇವೆಲ್ಲ ಐವತ್ತು ಕೋಟಿ ವರ್ಷಗಳಿಗೂ ಬಹು ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರಪದರವಾಗಿ ಕೂಡಿದವು. ಆದರೂ ಅವುಗಳಲ್ಲಿ ಮೀನಿನ ಎಲುಬಾಗಲಿ ಶಂಖವಾಗಲಿ ಸಿಗದು. ಆ ಕಡಲಿದ್ದಾಗ ಮೀನುಗಳೂ ಚಿಪ್ಪಿನ ಪ್ರಾಣಿಗಳೂ ಇನ್ನೂ ಹುಟ್ಟಿರಲಿಲ್ಲ. ಹಾಗಾದರೆ ಅಲ್ಲಿ ಏನು ಬದುಕಿತ್ತು? ಸೂಕ್ಷ್ಮಜೀವಿಗಳು ಮತ್ತು ಪಾಚಿಯಂಥ ಸರಳ ಜೀವಿಗಳು. ಇದನ್ನು ಅರಿಯಲು ಪ್ರಾಣಿಶಾಸ್ತ್ರದ ಕಪಾಟನ್ನು ಬಿಟ್ಟು ಭೂವಿಜ್ಞಾನದ ಕಪಾಟಿಗೆ ಹೋಗಬೇಕಾಗುತ್ತದೆ.

ಊರಿನ ಗ್ರಂಥಾಲಯದಲ್ಲಿ ಬೇಕಾದ ಪುಸ್ತಕ ದೊರೆಯದಿರಬಹುದು. ಆಗ ಮಗುವೇ ಗ್ರಂಥಪಾಲಕರನ್ನು ಕೇಳಲಿ. ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬುದು ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲೊಂದು. ಉತ್ತರ ಸಿಗದ ಚೀಟಿಯನ್ನು ಹರಿಯದೆ ಜೋಪಾನವಾಗಿಟ್ಟುಕೊಂಡು, ತಾಲ್ಲೂಕು ಕೇಂದ್ರಕ್ಕೋ ಕಲಬುರಗಿಗೋ ಹೋದಾಗ ಅಲ್ಲಿನ ಗ್ರಂಥಾಲಯದಲ್ಲಿ ಹುಡುಕಿಸಿರಿ. ಉತ್ತರವನ್ನು ನೀವೇ ಹೇಳಿಬಿಡಬೇಡಿರಿ. ಪುಟವನ್ನು ಮಗುವೇ ತಿರುವಲಿ.