ನೀರಿನ ಬಳಿ ಮಗು: ಕಾವಲು ಯಾರದು?

ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಜನಜೀವನ ನೀರಿನ ಆಸರೆಯಲ್ಲಿ ಬೆಳೆದುಬಂದದ್ದು. ಹಿರೇಕೆರೂರಿನ ಹೆಸರಿನಲ್ಲಿಯೇ ಕೆರೆಯಿದೆ. ಹಾನಗಲ್ಲಿಗೆ ಆನಿಕೆರೆ, ಸವಣೂರಿಗೆ ಮೋತಿ ತಲಾಬ. ವರದಾ, ಧರ್ಮಾ, ಕುಮುದ್ವತಿ ನದಿಗಳು. ಇತ್ತೀಚಿನ ದಶಕಗಳಲ್ಲಿ ತುಂಗಾ ಮೇಲ್ದಂಡೆಯ ಕಾಲುವೆ. ಮಳೆ ತಡವಾದರೆ ನಾವು ದೇವರಲ್ಲಿ ಮೊರೆಯಿಡುತ್ತೇವೆ. ಕೆರೆ ತುಂಬಿದರೆ ಕೃತಜ್ಞತೆ ಸಲ್ಲಿಸುತ್ತೇವೆ. ಇಂಥ ನಾಡಿನಲ್ಲಿ ನೀರನ್ನು ಭಯದಿಂದ ಕಾಣಬೇಕೆಂದು ಹೇಳುವುದು ಸಲ್ಲದು. ಆದರೆ ನೀರಿನ ವಿಷಯದಲ್ಲಿ ನಮಗೆ ಕೃತಜ್ಞತೆಯಿರುವಷ್ಟು ಎಚ್ಚರವೂ ಇದೆಯೇ ಎಂಬ ಪ್ರಶ್ನೆಯನ್ನು, ಐದು ವರ್ಷದೊಳಗಿನ ಮಗುವಿರುವ ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಬೇಕಾಗಿದೆ.

ಕೆರೆಗೆ ಹೋಗಬೇಡ, ಹೊಳೆಗೆ ಇಳಿಯಬೇಡ ಎಂದು ನಾವು ಮಕ್ಕಳನ್ನು ಗದರಿಸುವುದುಂಟು. ಅದು ಶಾಲೆಗೆ ಹೋಗುವ ಮಗುವಿಗೆ ಹೇಳಬಹುದಾದ ಮಾತು. ಈಗತಾನೆ ಹೆಜ್ಜೆಯಿಡಲು ಕಲಿತ ಕೂಸು ಹೊಳೆಯವರೆಗೆ ಹೋಗಲಾರದು. ಅದರ ಅಪಾಯವಿರುವುದು ಅಡುಗೆಮನೆಯ ಬಾಗಿಲಿನಿಂದ ಹತ್ತು ಹೆಜ್ಜೆಯೊಳಗೆ: ಬಚ್ಚಲಿನ ಬಕೆಟ್ಟಿನಲ್ಲಿ, ಅಂಗಳದ ನೆಲಟಾಕಿಯಲ್ಲಿ, ದನಗಳಿಗೆ ನೀರು ತುಂಬಿಸಿಟ್ಟ ತೊಟ್ಟಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಅಸುನೀಗಿದರು. ಅವರಲ್ಲಿ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರು ಐದು ವರ್ಷ ತುಂಬದ ಮಕ್ಕಳು.

ಮುಳುಗುವವರು ಕೂಗುತ್ತಾರೆ, ಕೈಕಾಲು ಬಡಿಯುತ್ತಾರೆ, ಸದ್ದು ಕೇಳಿ ಓಡಬಹುದು ಎಂಬುದು ನಮ್ಮೆಲ್ಲರ ಕಲ್ಪನೆ. ಎಳೆಯ ಮಗುವಿನ ವಿಷಯದಲ್ಲಿ ಈ ಕಲ್ಪನೆ ನಿಜವಲ್ಲ. ಅದರ ತಲೆ ದೇಹದ ಉಳಿದ ಭಾಗಕ್ಕೆ ಹೋಲಿಸಿದರೆ ಭಾರ. ಬಕೆಟ್ಟಿನೊಳಗೆ ಬಿದ್ದ ಆಟಿಕೆಯನ್ನೋ ನೀರಿನಲ್ಲಿ ಕಂಡ ತನ್ನ ಪ್ರತಿಬಿಂಬವನ್ನೋ ಹಿಡಿಯಲು ಬಗ್ಗಿದರೆ ತಲೆ ಕೆಳಗಾಗಿ ಬೀಳುತ್ತದೆ. ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಬಲ ತೋಳುಗಳಿಗಿರುವುದಿಲ್ಲ. ಮೂಗು ಬಾಯಿ ಮುಚ್ಚುವಷ್ಟು ನೀರು, ಅಂದರೆ ನಾಲ್ಕು ಬೆರಳಿನಷ್ಟು ನೀರಿದ್ದರೂ ಸಾಕು. ನೀರಿನೊಳಗಿರುವ ಬಾಯಿಂದ ಕೂಗು ಹೊರಡುವುದಿಲ್ಲ. ಉಸಿರು ನಿಂತ ನಾಲ್ಕಾರು ನಿಮಿಷಗಳಲ್ಲಿ ಮಿದುಳಿಗೆ ಸರಿಪಡಿಸಲಾಗದ ಹಾನಿ ಆರಂಭವಾಗುತ್ತದೆ. ಒಲೆಯ ಮೇಲಿನ ಹಾಲು ಉಕ್ಕುವುದಕ್ಕೆ ಬೇಕಾಗುವ ಸಮಯವೂ ಅಷ್ಟೇ.

ಇಂತಹ ಸಾವು ಸಂಭವಿಸಿದಾಗ ಊರಿನಲ್ಲಿ ಕೇಳಿಬರುವ ಮೊದಲ ಮಾತು ‘ಹಣೆಬರಹ’. ನಮ್ಮವರಲ್ಲಿ ಕೆಲವರು ‘ದೇವರ ಚಿತ್ತ’ ಎನ್ನುತ್ತಾರೆ. ದುಃಖದಲ್ಲಿರುವವರನ್ನು ಸಂತೈಸಲು ಆಡಿದ ಮಾತೆಂದು ಇದನ್ನು ಕ್ಷಮಿಸಬಹುದು, ತತ್ತ್ವವೆಂದು ಒಪ್ಪಲಾಗದು. ಯಾವುದರ ಕಾರಣವನ್ನು ನಾವು ಬಲ್ಲೆವೋ, ಯಾವ ಕಾರಣವನ್ನು ತೆಗೆದುಹಾಕುವುದು ನಮ್ಮ ಕೈಯಲ್ಲಿದೆಯೋ, ಅದನ್ನು ವಿಧಿಯ ಹೆಸರಿಗೆ ಬರೆಯುವುದು ವಿವೇಕವಲ್ಲ. ಬಾವಿ ತೋಡಿ ಬಾಯಿ ಮುಚ್ಚದೆ ಬಿಟ್ಟವನ ಗುಂಡಿಯಲ್ಲಿ ನೆರೆಯವನ ಎತ್ತೋ ಕತ್ತೆಯೋ ಬಿದ್ದು ಸತ್ತರೆ, ಗುಂಡಿಯ ಒಡೆಯನೇ ನಷ್ಟ ತುಂಬಬೇಕೆಂದು ವಿಮೋಚನಾಕಾಂಡದ 21ನೆಯ ಅಧ್ಯಾಯ ವಿಧಿಸುತ್ತದೆ. ಅಲ್ಲಿ ‘ಎತ್ತಿನ ಹಣೆಬರಹ’ ಎಂಬ ವಾದಕ್ಕೆ ಆಸ್ಪದವಿಲ್ಲ. ಎತ್ತಿಗೇ ಈ ನ್ಯಾಯವಾದರೆ ಮಗುವಿಗೆ?

ಆದ್ದರಿಂದ ಮನೆಯ ಸುತ್ತ ಒಮ್ಮೆ ನಡೆದು ನೋಡೋಣ. ನಳದ ನೀರು ದಿನವೂ ಬಾರದ ಊರುಗಳಲ್ಲಿ ಕೊಡ, ಬಕೆಟ್ಟು, ಡ್ರಮ್ಮುಗಳಲ್ಲಿ ನೀರು ಹಿಡಿದಿಡುವುದು ಅನಿವಾರ್ಯ. ಹಿಡಿದಿಟ್ಟ ನೀರಿಗೆಲ್ಲ ಮಗು ಎಳೆಯಲಾಗದ ಭಾರದ ಮುಚ್ಚಳವಿರಲಿ. ಸ್ನಾನವಾದೊಡನೆ ಬಕೆಟ್ಟನ್ನು ಬರಿದು ಮಾಡಿ ಬೋರಲು ಹಾಕುವುದು ಮನೆಯ ರೂಢಿಯಾಗಲಿ. ಬಚ್ಚಲಿನ ಬಾಗಿಲಿಗೆ ಮಗುವಿಗೆ ಎಟುಕದ ಎತ್ತರದಲ್ಲಿ ಚಿಲಕವಿರಲಿ. ನೆಲಟಾಕಿಗೆ ಕಬ್ಬಿಣದ ಮುಚ್ಚಳವಿದ್ದರೆ ಸಾಲದು, ಅದಕ್ಕೆ ಬೀಗವೂ ಬೇಕು. ನೀರು ತುಂಬಿಸುವಾಗ ತೆರೆದಿಟ್ಟು ಬೇರೆ ಕೆಲಸಕ್ಕೆ ಹೋಗುವ ಆ ಹತ್ತು ನಿಮಿಷಗಳೇ ಅಪಾಯದ ಸಮಯ. ಹೊಸ ಮನೆ ಕಟ್ಟುವವರು ಇಟ್ಟಿಗೆ ನೆನೆಸುವ ತೊಟ್ಟಿಯನ್ನೂ ಪಾಯದ ಗುಂಡಿಯನ್ನೂ ಹಲಗೆಯಿಂದ ಮುಚ್ಚಬೇಕು. ಬಾವಿಗೆ ಕಟ್ಟೆಯಿದ್ದರೂ ಮೇಲೆ ಕಬ್ಬಿಣದ ಜಾಲರಿ ಇರಲಿ. ಕಟ್ಟೆಯ ಪಕ್ಕದಲ್ಲಿ ಮಗು ಹತ್ತಬಹುದಾದ ಕಲ್ಲು, ಸ್ಟೂಲು ಇರದಿರಲಿ.

ಹೊಲದಲ್ಲಿ ಮನೆ ಮಾಡಿಕೊಂಡವರಿಗೆ ಇನ್ನೊಂದು ಮಾತು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ನಂತರ ಕೃಷಿ ಹೊಂಡಗಳು ಒಣಬೇಸಾಯದ ರೈತನಿಗೆ ವರವಾಗಿವೆ. ಆದರೆ ಮೂರು ಮೀಟರು ಆಳದ, ಇಳಿಜಾರು ದಂಡೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದಲ್ಲಿ ಜಾರಿದರೆ ಮಗುವಿರಲಿ, ಈಜು ಬಲ್ಲ ದೊಡ್ಡವರಿಗೂ ಮೇಲೆ ಹತ್ತಿ ಬರುವುದು ಕಷ್ಟ. ಪಾಚಿಗಟ್ಟಿದ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ. ಮಗುವನ್ನು ರಕ್ಷಿಸಲು ಧುಮುಕಿದವರೂ ಅಲ್ಲಿಯೇ ಸಿಲುಕಬಹುದು. ಹೊಂಡದ ಸುತ್ತ ಬೇಲಿ, ಬೇಲಿಗೆ ಬಾಗಿಲು, ದಂಡೆಯ ಗೂಟಕ್ಕೆ ಬಿಗಿದು ನೀರಿಗೆ ಇಳಿಬಿಟ್ಟ ಗಂಟುಗಂಟಿನ ಹಗ್ಗ, ಇವಿಲ್ಲದ ಹೊಂಡ ಪೂರ್ಣಗೊಂಡ ಹೊಂಡವಲ್ಲ. ನೀರು ಸಿಗದೆ ಕೈಬಿಟ್ಟ ಕೊಳವೆಬಾವಿಯ ಬಾಯನ್ನು ಮುಚ್ಚಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿಯೇ ನಿರ್ದೇಶಿಸಿದೆ. ಆದರೂ 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಕಂದನೊಬ್ಬ ತೆರೆದ ಕೊಳವೆಬಾವಿಗೆ ಬಿದ್ದು, ಸುಮಾರು 20 ಗಂಟೆಗಳ ಹೋರಾಟದ ಬಳಿಕ ಜೀವಂತವಾಗಿ ಹೊರಬಂದ. ನಾಡೆಲ್ಲ ಸಂತೋಷಪಟ್ಟಿತು. ಆದರೆ ಎಲ್ಲ ಮಕ್ಕಳೂ ಹಾಗೆ ಹೊರಬಂದಿಲ್ಲ.

ಮುಚ್ಚಳ, ಬೇಲಿ, ಬೀಗ ಇವೆಲ್ಲ ಅರ್ಧ ಕೆಲಸ. ಉಳಿದರ್ಧ ಕಾವಲು. ನಮ್ಮ ಕೂಡು ಕುಟುಂಬಗಳಲ್ಲಿ ಒಂದು ವಿಚಿತ್ರವನ್ನು ಕಾಣುತ್ತೇವೆ: ಮನೆತುಂಬ ಜನರಿರುವ ದಿನವೇ, ಮದುವೆ ಅಥವಾ ಹಬ್ಬದ ಸಡಗರದಲ್ಲಿಯೇ, ಮಗು ಕಣ್ತಪ್ಪುತ್ತದೆ. ಅಜ್ಜಿಯ ಬಳಿ ಇದೆಯೆಂದು ತಾಯಿ, ತಾಯಿಯ ಬಳಿ ಇದೆಯೆಂದು ಅಜ್ಜಿ. ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಅಲ್ಲ. ‘ಈಗ ಮಗು ನಿನ್ನ ಬಳಿ ಇದೆ’ ಎಂದು ಒಬ್ಬರ ಹೆಸರು ಹಿಡಿದು ಒಪ್ಪಿಸಬೇಕು. ಅವರು ‘ಆಯಿತು’ ಎನ್ನಬೇಕು. ಏಳುವ ಮೊದಲು ಇನ್ನೊಬ್ಬರಿಗೆ ಒಪ್ಪಿಸಬೇಕು. ಏಳೆಂಟು ವರ್ಷದ ಅಕ್ಕನನ್ನು ಕಾವಲಿಗೆ ನಿಲ್ಲಿಸುವುದು ಇಬ್ಬರು ಮಕ್ಕಳಿಗೂ ಮಾಡುವ ಅನ್ಯಾಯ. ಹಿರಿಯರು ಕೂಸಿನ ಕಾಲಿಗೆ ಗೆಜ್ಜೆ ಕಟ್ಟುತ್ತಿದ್ದರು. ಗೆಜ್ಜೆಯ ಸದ್ದು ನಿಂತರೆ ತಾಯಿ ತಿರುಗಿ ನೋಡುತ್ತಿದ್ದಳು. ಆ ಜಾಣ್ಮೆ ಇಂದಿಗೂ ಸಲ್ಲುತ್ತದೆ. ಆದರೆ ಗೆಜ್ಜೆ ಕಣ್ಣಿಗೆ ಬದಲಿಯಲ್ಲ.

ಬಡ ತಾಯಂದಿರಿಗೆ ಈ ಉಪದೇಶ ಹೇಳುವಷ್ಟು ಸುಲಭವಲ್ಲವೆಂಬುದು ನಿಜ. ಕೂಲಿಗೆ ಹೋದರೆ ಹೊಟ್ಟೆಗೆ ಹಿಟ್ಟು. ಅಡುಗೆ, ನೀರು, ದನ, ಬಟ್ಟೆ ಎಲ್ಲವೂ ಒಂದೇ ಹೊತ್ತಿನಲ್ಲಿ. ನೆರೆಯ ಬಾಂಗ್ಲಾದೇಶದ ಹಳ್ಳಿಗಳಲ್ಲಿ, ಎಳೆಯ ಮಕ್ಕಳು ಹೆಚ್ಚಾಗಿ ಮುಳುಗುವುದು ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ಹಿರಿಯರು ಕೆಲಸದಲ್ಲಿರುವಾಗ, ಎಂಬುದನ್ನು ಗಮನಿಸಿ ಆ ಹೊತ್ತಿಗೆಂದೇ ಶಿಶುಪಾಲನಾ ಕೇಂದ್ರಗಳನ್ನು ತೆರೆಯಲಾಯಿತು. ಅವುಗಳಿಗೆ ‘ಆಂಚಲ್’, ಅಂದರೆ ‘ಸೆರಗು’ ಎಂದು ಹೆಸರು. ಅಲ್ಲಿ ಮಕ್ಕಳ ಸಾವು ಗಣನೀಯವಾಗಿ ತಗ್ಗಿತು. ನಮ್ಮ ರಾಜ್ಯ ಸರಕಾರವೂ 2023ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಪ್ರಕಟಿಸಿತು. ನಿಮ್ಮ ಪಂಚಾಯಿತಿಯಲ್ಲಿ ಅದಿದೆಯೇ, ಅಂಗನವಾಡಿಯ ಅಂಗಳದಲ್ಲಿ ತೆರೆದ ತೊಟ್ಟಿಯೇನಾದರೂ ಇದೆಯೇ ಎಂದು ವಿಚಾರಿಸುವುದು ಪೌರಧರ್ಮ. ನಾಲ್ಕು ಮನೆಗಳವರು ಕೂಡಿ ಸರದಿಯಂತೆ ಒಬ್ಬರು ಮಕ್ಕಳನ್ನು ನೋಡಿಕೊಳ್ಳುವುದಕ್ಕಂತೂ ಯಾವ ಸರಕಾರದ ಅಪ್ಪಣೆಯೂ ಬೇಡ. ನೆರೆಯವರನ್ನು ಪ್ರೀತಿಸಿರಿ ಎಂಬುದಕ್ಕೆ ಇದಕ್ಕಿಂತ ಸಮೀಪದ ಅರ್ಥವಿಲ್ಲ.

ಎಚ್ಚರ ತಪ್ಪಿ ಅನಾಹುತವಾದರೆ ಏನು ಮಾಡಬೇಕು? 2023ರ ಕೊನೆಯಲ್ಲಿ ನಮ್ಮದೇ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ, ಕೆರೆಯಲ್ಲಿ ಮುಳುಗಿದ ಇಬ್ಬರು ಬಾಲಕರ ದೇಹಗಳನ್ನು ಉಪ್ಪಿನ ರಾಶಿಯಲ್ಲಿ ಹುದುಗಿಸಿ ಗಂಟೆಗಟ್ಟಲೆ ಕಾದರು. ಉಪ್ಪಿನಲ್ಲಿಟ್ಟರೆ ಜೀವ ಮರಳುವುದೆಂಬ ಮೊಬೈಲ್ ಸಂದೇಶವನ್ನು ಅವರು ನಂಬಿದ್ದರು. ಆ ತಂದೆತಾಯಿಗಳನ್ನು ಹಂಗಿಸುವ ಅಧಿಕಾರ ಯಾರಿಗೂ ಇಲ್ಲ. ಅದು ಪ್ರೀತಿಯೇ, ಆದರೆ ದಾರಿ ತಪ್ಪಿಸಲ್ಪಟ್ಟ ಪ್ರೀತಿ. ಉಪ್ಪಿನಿಂದ ಜೀವ ಬರುವುದಿಲ್ಲ. ಮಗುವನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆಯೊತ್ತಿ ನೀರು ತೆಗೆಯುವುದು, ಹೆಗಲ ಮೇಲೆ ಹೊತ್ತು ತಿರುಗಿಸುವುದು ಇವು ಅಮೂಲ್ಯ ನಿಮಿಷಗಳನ್ನು ಕಳೆಯುತ್ತವೆ.

ನೀರಿಗೆ ಧುಮುಕುವ ಮೊದಲು ಹಗ್ಗ, ಸೀರೆ, ಗಳ, ಬಾಯಿ ಮುಚ್ಚಿದ ಖಾಲಿ ಕ್ಯಾನು ಯಾವುದಾದರೂ ಎಸೆಯಲು ಸಾಧ್ಯವೇ ನೋಡಿ. ಮಗುವನ್ನು ಹೊರತೆಗೆದೊಡನೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಒಬ್ಬರು 108ಕ್ಕೆ ಕರೆ ಮಾಡಲಿ. ಉಸಿರಾಟವಿಲ್ಲದಿದ್ದರೆ ಗದ್ದವನ್ನು ಮೇಲೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಯಿಟ್ಟು ಎದೆ ಏರುವಂತೆ ಮೊದಲು ಉಸಿರು ತುಂಬಬೇಕು. ಎಳೆಗೂಸಾದರೆ ಅದರ ಮೂಗು ಬಾಯಿ ಎರಡನ್ನೂ ನಮ್ಮ ಬಾಯಿಂದ ಮುಚ್ಚಿ ಊದಬೇಕು. ಬಳಿಕ ಎದೆಯ ನಡುವೆ, ಅದರ ಮೂರನೆಯ ಒಂದು ಭಾಗ ತಗ್ಗುವಂತೆ 30 ಸಲ ವೇಗವಾಗಿ ಒತ್ತಿ, ಮತ್ತೆ 2 ಬಾರಿ ಉಸಿರು ನೀಡಬೇಕು. ಮಗು ಉಸಿರಾಡುವವರೆಗೆ ಅಥವಾ ವೈದ್ಯಕೀಯ ನೆರವು ದೊರೆಯುವವರೆಗೆ ನಿಲ್ಲಿಸಬಾರದು. ಚೇತರಿಸಿಕೊಂಡಂತೆ ಕಂಡ ಮಗುವನ್ನೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಇದನ್ನು ಓದಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದು ಲೇಸು. ನಮ್ಮ ಯುವಜನ ಸಂಘಗಳು ದಾದಿಯರಿಂದ ಇದರ ತರಬೇತಿ ಪಡೆದರೆ ಅದೊಂದು ದೊಡ್ಡ ಸೇವೆ.

ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ. ಬರುವ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ, ತಂದೆ ತಾಯಿ ಇಬ್ಬರೂ ಮಗುವಿನ ಎತ್ತರಕ್ಕೆ ಬಾಗಿ ಮನೆ, ಹಿತ್ತಲು, ಕೊಟ್ಟಿಗೆಗಳನ್ನು ಸುತ್ತಿ ಬನ್ನಿ. ಕಂಡ ನೀರನ್ನೆಲ್ಲ ಮುಚ್ಚಿ ಇಲ್ಲವೆ ಚೆಲ್ಲಿ. ನಿಮ್ಮ ಮನೆಯ ನಂತರ ಪಕ್ಕದ ಮನೆಯ ಅಂಗಳವನ್ನೂ ನೋಡಿ. ಮಗುವಿಗೆ ಗಡಿಗೋಡೆ ತಿಳಿಯುವುದಿಲ್ಲ. ಇದಕ್ಕೆ ಹಿಡಿಯುವುದು ಒಂದು ಗಂಟೆ ಮಾತ್ರ.