ಲಾಗ ಬಾರದ ಡೊಳ್ಳಿನ ತಂಡ: ಆರು ತಪ್ಪು ಕಲ್ಪನೆ, ಆರು ವಾಸ್ತವ

ಕವಲೇದುರ್ಗದ ಆಸುಪಾಸಿನ ಊರುಗಳಿಂದ ತೀರ್ಥಹಳ್ಳಿ, ಹೊಸನಗರ, ಸಾಗರದ ಕಾಲೇಜುಗಳಿಗೆ ಬಸ್ಸು ಹತ್ತುವ ಮಕ್ಕಳು ಯುವಜನೋತ್ಸವದ ಜನಪದ ನೃತ್ಯಕ್ಕೆ ಹೆಸರು ಕೊಡಲು ಹೊರಟರೆ ಡೊಳ್ಳು ಕುಣಿತದ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೇ ಅಳುಕೂ ಬರುತ್ತದೆ: ‘ನಮ್ಮಲ್ಲಿ ಲಾಗ ಹಾಕುವವರು ಯಾರಿದ್ದಾರೆ? ಹೆಗಲ ಮೇಲೆ ಹತ್ತುವವರು ಯಾರು?’ ಮೊಬೈಲಿನಲ್ಲಿ ನೋಡಿದ್ದು ಮೂರಾಳು ಎತ್ತರದ ಪಿರಮಿಡ್ಡು. ಅಭ್ಯಾಸಕ್ಕೆ ಸಿಗುವುದು ಶಾಲೆಯ ಮೈದಾನ, ಇಲ್ಲವೇ ಅಡಿಕೆ ಒಣಗಿಸುವ ಅಂಗಳ. ಅಲ್ಲಿ ಮ್ಯಾಟೂ ಇಲ್ಲ, ಜಿಮ್ನಾಸ್ಟಿಕ್ಸ್ ಕಲಿಸುವವರೂ ಇಲ್ಲ. ಇಂಥ ತಂಡಗಳನ್ನು ಹಿಂಜರಿಯುವಂತೆ ಮಾಡುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: ಲಾಗ, ಪಿರಮಿಡ್ಡು ಇಲ್ಲದಿದ್ದರೆ ಅಂಕ ಬೀಳುವುದಿಲ್ಲ.

ವಾಸ್ತವ: ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಯುವಜನೋತ್ಸವ ನಿಯಮಗಳಲ್ಲಿ ಜನಪದ ನೃತ್ಯಕ್ಕೆ ತೀರ್ಪುಗಾರರು ನೋಡಬೇಕಾದದ್ದು ಲಯ, ವಿನ್ಯಾಸ, ಭಾವ, ವೇಷಭೂಷಣ, ಪ್ರಸಾಧನ ಮತ್ತು ಒಟ್ಟು ಪರಿಣಾಮ. ಕಸರತ್ತಿಗೆಂದೇ ಪ್ರತ್ಯೇಕ ಕಲಮು ಇಲ್ಲ. ಪಿರಮಿಡ್ಡು ಕಟ್ಟಿದ ತಂಡ ಗೆದ್ದಿದ್ದರೆ ಅದರ ಲಯವೂ ವಿನ್ಯಾಸವೂ ಗಟ್ಟಿಯಾಗಿದ್ದಿರಬೇಕು. ನೋಡುವವರ ಕಣ್ಣಿಗೆ ಉಳಿಯುವುದು ಪಿರಮಿಡ್ಡು, ಅಂಕಪಟ್ಟಿಗೆ ಇಳಿಯುವುದು ಉಳಿದದ್ದು.

ಕಸರತ್ತೇ ಜೀವಾಳವಾಗಿರುವ ಚಿಯರ್‌ಲೀಡಿಂಗ್‌ನಲ್ಲೂ ಲಾಗದ ಪಾಲು ಸಣ್ಣದೇ. ನಮ್ಮವರಿಗೆ ಆ ಹೆಸರು ಪರಿಚಯವಾದದ್ದು 2008ರಲ್ಲಿ, ಐಪಿಎಲ್‌ನ ಮೊದಲ ಪಂದ್ಯಕ್ಕೆ ಅಮೆರಿಕದ ತಂಡವೊಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದಾಗ. ಸ್ಪರ್ಧೆಯ ಚಿಯರ್‌ಲೀಡಿಂಗ್ ಅದಕ್ಕಿಂತ ಬೇರೆ. ಎರಡೂವರೆ ನಿಮಿಷದಲ್ಲಿ ಎತ್ತುವುದು, ಎಸೆಯುವುದು, ಉರುಳುವುದು ಎಲ್ಲ ಮುಗಿಯಬೇಕು. 2021ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದರ ಜಾಗತಿಕ ಸಂಸ್ಥೆಗೆ ಪೂರ್ಣ ಮಾನ್ಯತೆ ಕೊಟ್ಟಿತು. ಆ ಸಂಸ್ಥೆಯ ವಿಶ್ವ ಸ್ಪರ್ಧೆಗಳಲ್ಲಿ ಬಳಕೆಗೆ ಬಂದ ಅಂಕಪಟ್ಟಿಯಲ್ಲಿ ಗುಂಪಾಗಿ ಹಾಕುವ ಲಾಗಗಳಿಗೆ ಇಟ್ಟದ್ದು 100ರಲ್ಲಿ ಬರೀ 10 ಅಂಕ. ಲಾಗ ಕಡಿಮೆ ಇರುವ ಅಲ್ಲಿನ ತಂಡಗಳು ಉಳಿದ 90ರ ಕಡೆ ಗಮನ ಕೊಡುತ್ತವೆ. ಲಾಗ ಬಾರದೆಂದು ಡೊಳ್ಳಿನ ತಂಡ ಅಂಜಲು ಕಾರಣವೇ ಇಲ್ಲ.

2. ತಪ್ಪು ಕಲ್ಪನೆ: ಪಿರಮಿಡ್ಡಿಲ್ಲದ ಡೊಳ್ಳು ಅರ್ಧ ಡೊಳ್ಳು.

ವಾಸ್ತವ: ಡೊಳ್ಳು ಹಾಲುಮತ ಕುರುಬರ ಕುಲದೈವ ಬೀರೇಶ್ವರನ ಸೇವೆಯದು. ಗುಡಿಯ ಅಂಗಳದಲ್ಲಿ, ಜಾತ್ರೆಯಲ್ಲಿ, ಮೆರವಣಿಗೆಯಲ್ಲಿ ಅದಕ್ಕೆ ಬೇಕಾದದ್ದು ಚರ್ಮದ ಸದ್ದು, ತಾಳ, ಹಾಡು, ಸುತ್ತು ಕಟ್ಟಿದ ಹೆಜ್ಜೆ. ಒಬ್ಬರ ಮೇಲೊಬ್ಬರು ಹತ್ತದಿದ್ದರೆ ದೇವರ ಸೇವೆಗೆ ಏನೂ ಕೊರತೆಯಾಗದು. ಅಂಗಳದಲ್ಲಿ ಜನ ನಾಲ್ಕೂ ಕಡೆ ನಿಂತು ನೋಡುತ್ತಾರೆ, ಅಲ್ಲಿಗೆ ವೃತ್ತವೇ ಸರಿ. ವೇದಿಕೆಯಲ್ಲಿ ನೋಡುವವರೆಲ್ಲ ಒಂದೇ ಕಡೆ ಕೂತಿರುತ್ತಾರೆ. ವೃತ್ತ ಕಟ್ಟಿದ ಕೂಡಲೇ ಮುಂದಿದ್ದವರ ಬೆನ್ನು ಹಿಂದಿದ್ದವರನ್ನು ಮುಚ್ಚುತ್ತದೆ. ಅದಕ್ಕೇ ವೇದಿಕೆಯ ಡೊಳ್ಳಿಗೆ ಎತ್ತರ ಬೇಕೆನಿಸುವುದು.

ಆ ಎತ್ತರವನ್ನು ನೆಲ ಬಿಡದೆಯೂ ಕಟ್ಟಬಹುದು. ವಿಶ್ವವಿದ್ಯಾಲಯಗಳ ಸ್ಪರ್ಧೆಯಲ್ಲಿ ಕುಣಿಯಲು 10 ಜನಕ್ಕೆ ಅವಕಾಶ. ಹತ್ತೆಂದರೆ ನಾಲ್ಕು, ಮೂರು, ಎರಡು, ಒಂದು. ಮುಂದಿನ ಸಾಲಿನ ನಾಲ್ವರು ಕೂತು ಡೊಳ್ಳನ್ನು ನೆಲಕ್ಕೆ ತಾಗಿಸಿ ಬಾರಿಸಲಿ. ಅವರ ಹಿಂದೆ ಮೂವರು ಮಂಡಿಯೂರಲಿ, ಅವರ ಹಿಂದೆ ಇಬ್ಬರು ನಿಲ್ಲಲಿ. ಕೊನೆಯವನು ತನ್ನ ಡೊಳ್ಳನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಲಿ. ಸಭಾಂಗಣದಿಂದ ನೋಡಿದರೆ ಅದು ಪಿರಮಿಡ್ಡೇ. ಕೂರುವ, ಏಳುವ ಚಲನೆ ಒಬ್ಬರಿಂದ ಒಬ್ಬರಿಗೆ ಒಂದೊಂದು ಪೆಟ್ಟಿನ ಅಂತರದಲ್ಲಿ ಹರಿದರೆ ಅಲೆಯೂ ಎದ್ದಂತಾಯಿತು.

3. ತಪ್ಪು ಕಲ್ಪನೆ: ಪಲ್ಟಿ ಬರುವ ಇಬ್ಬರಿದ್ದಾರೆ, ಅವರನ್ನು ನಡುವೆ ಬಿಟ್ಟು ಉಳಿದವರು ಸುತ್ತ ನಿಂತು ಬಾರಿಸಿದರಾಯಿತು.

ವಾಸ್ತವ: ಹೀಗೆ ಮಾಡಿದರೆ ಇಬ್ಬರು ಕುಣಿಯುತ್ತಾರೆ, ಎಂಟು ಜನ ಪಕ್ಕವಾದ್ಯದವರಾಗುತ್ತಾರೆ. ವಿನ್ಯಾಸದ ಅಂಕ ಅಲ್ಲಿಗೇ ಸೋರಿಹೋಗುತ್ತದೆ. ಎರಡನೆಯ ಸಲ ಅದೇ ಪಲ್ಟಿ ಬಿದ್ದರೆ ಈ ತಂಡಕ್ಕೆ ಬರುವುದು ಇಷ್ಟೇ ಎಂಬುದೂ ಗೊತ್ತಾಗುತ್ತದೆ.

ಪಲ್ಟಿಯನ್ನು ಒಂದೇ ಸಲ ಬಳಸಿ, ಕೊನೆಯ ಮೂರನೆಯ ಒಂದು ಭಾಗದಲ್ಲಿ ಇಡಿ. ಅದಕ್ಕೆ ಮುಂಚೆ ಎಲ್ಲ ಡೊಳ್ಳೂ ಒಮ್ಮೆಗೇ ನಿಲ್ಲಲಿ, ತಾಳವೊಂದೇ ಉಳಿಯಲಿ. ಇಬ್ಬರೂ ಡೊಳ್ಳನ್ನು ಸಂಗಾತಿಗಳಿಗೆ ಕೊಟ್ಟು ವೇದಿಕೆಯ ಎರಡು ತುದಿಗಳಿಂದ ಹೊರಡಲಿ. ಅವರ ಕಾಲು ನೆಲಕ್ಕೆ ತಾಗಿದ ಕ್ಷಣವೇ ಉಳಿದ ಎಂಟು ಜನರ ಪೆಟ್ಟು ಬೀಳಲಿ. ಎಲ್ಲರ ಕಣ್ಣು ಆ ಇಬ್ಬರ ಮೇಲಿರುವಾಗ ಎಂಟು ಜನ ಮುಂದಿನ ವಿನ್ಯಾಸಕ್ಕೆ ಜಾಗ ಬದಲಿಸಬಹುದು. ಪಲ್ಟಿ ಮುಗಿಯುವ ಹೊತ್ತಿಗೆ ಹೊಸ ಚಿತ್ರ ಸಿದ್ಧವಾಗಿರುತ್ತದೆ.

4. ತಪ್ಪು ಕಲ್ಪನೆ: ಕಸರತ್ತಿನ ಕೊರತೆಯನ್ನು ವೇಗದಿಂದ ತುಂಬಬಹುದು.

ವಾಸ್ತವ: ಸೊಂಟದ ಮುಂದೆ ಮರದ ಡೊಳ್ಳು ಕಟ್ಟಿಕೊಂಡು, ಒಂದು ಕೈಯಲ್ಲಿ ಕೋಲು, ಇನ್ನೊಂದು ಅಂಗೈಯಲ್ಲಿ ಪೆಟ್ಟು ಹಾಕುತ್ತಾ ಜಿಗಿಯುವವರ ತೋಳು ಬೇಗ ಸೋಲುತ್ತದೆ. ಮೊದಲ ನಿಮಿಷದಲ್ಲೇ ಓಟ ಶುರುವಾದರೆ ನಡುವೆಲ್ಲೋ ಹತ್ತು ಪೆಟ್ಟು ಹತ್ತು ಕಡೆ ಬೀಳುತ್ತವೆ. ಹತ್ತು ಡೊಳ್ಳು ಒಂದಾಗಿ ಬೀಳುವ ಪೆಟ್ಟು ಎದೆಗೆ ತಾಗುತ್ತದೆ, ಚೂರು ಚದುರಿದರೂ ಗದ್ದಲವಾಗುತ್ತದೆ.

ಕವಲೇದುರ್ಗದ ಕೋಟೆಗೆ ಮೂರು ಸುತ್ತು. ಕೆಳಗೆ ನಿಂತವರಿಗೆ ಎಲ್ಲವೂ ಒಮ್ಮೆಗೇ ಕಾಣುವುದಿಲ್ಲ, ಒಂದು ಬಾಗಿಲು ದಾಟಿದ ಮೇಲೆಯೇ ಇನ್ನೊಂದು ಕಾಣುವುದು. ಹತ್ತು ನಿಮಿಷದ ಕುಣಿತವನ್ನೂ ಹಾಗೇ ಕಟ್ಟಬೇಕು. ಪ್ರವೇಶ ಮತ್ತು ವಿಳಂಬದ ಗತ್ತಿಗೆ ಮೂರು ನಿಮಿಷ. ಸಾಲು ಒಡೆದು ಕೂಡುವ, ಐದೈದು ಜನ ಎದುರಾಗಿ ಸವಾಲು ಜವಾಬು ಬಾರಿಸುವ ನಡುಭಾಗಕ್ಕೆ ನಾಲ್ಕು. ಏರುವ ವೇಗಕ್ಕೆ ಎರಡೂವರೆ. ಉಳಿದ ಅರ್ಧ ನಿಮಿಷ ಕೈಯಲ್ಲಿರಲಿ, ವೇದಿಕೆಯ ಮೇಲೆ ಲೆಕ್ಕ ಸ್ವಲ್ಪ ಆಚೀಚೆ ಆಗುವುದು ಇದ್ದದ್ದೇ. ಡೊಳ್ಳು ನಿಲ್ಲಿಸಿ ಬರೀ ಗೆಜ್ಜೆ ಕೇಳಿಸುವ ಕೆಲವು ಕ್ಷಣಗಳನ್ನೂ ನಡುವೆ ಸೇರಿಸಿ. ಆ ಬಿಡುವು ತೋಳಿಗೆ ಸಿಗುವ ವಿಶ್ರಾಂತಿ, ನೋಡುವವರಿಗೆ ಬೆರಗು.

5. ತಪ್ಪು ಕಲ್ಪನೆ: ಪಿರಮಿಡ್ಡು ಎರಡು ವಾರದ ಕಲಿಕೆ, ಬಿದ್ದರೂ ಮಣ್ಣಿನ ಮೇಲೆ ತಾನೆ?

ವಾಸ್ತವ: ಡೊಳ್ಳು ಕಟ್ಟಿಕೊಂಡವನು ಬೀಳುವುದೂ ಬರಿಮೈಯವನು ಬೀಳುವುದೂ ಒಂದೇ ಅಲ್ಲ. ಹಗ್ಗ ಅವನನ್ನು ಮರದ ಕೊಳವೆಗೆ ಬಿಗಿದಿರುತ್ತದೆ, ಕೈಯಲ್ಲಿ ಕೋಲಿರುತ್ತದೆ. ನೆಲಕ್ಕೆ ಕೈ ಊರಲು ಆಗದು, ಉರುಳಿ ಪಾರಾಗಲೂ ಆಗದು. ಚಿಯರ್‌ಲೀಡಿಂಗ್‌ನಲ್ಲಿ ತಂಡದ ಕಲಿಕೆಯ ಮಟ್ಟಕ್ಕೆ ತಕ್ಕಂತೆ ಯಾರು ಎಷ್ಟು ಎತ್ತರ ಹೋಗಬಹುದೆಂಬ ನಿಯಮವಿದೆ, ಬೀಳುವವರನ್ನು ಹಿಡಿಯಲೆಂದೇ ಜನ ನಿಂತಿರುತ್ತಾರೆ. ಮಹಾರಾಷ್ಟ್ರದ ಮೊಸರು ಕುಡಿಕೆಯ ಮಾನವ ಗೋಪುರಗಳ ವಿಚಾರ ನ್ಯಾಯಾಲಯದ ಮೆಟ್ಟಿಲೇರಿ, 2014ರಲ್ಲಿ ಬಾಂಬೆ ಹೈಕೋರ್ಟ್ 20 ಅಡಿಯ ಮಿತಿ ಹಾಕಿತ್ತು. ವರ್ಷಗಟ್ಟಲೆ ಒಟ್ಟಿಗೆ ಕುಣಿದ ತಂಡಗಳು ಪಿರಮಿಡ್ಡು ಕಟ್ಟಲಿ, ಅದು ಅವರ ಸಾಧನೆ. ಸೆಮಿಸ್ಟರ್ ನಡುವೆ ಕೂಡಿದ ತಂಡಕ್ಕೆ ಅದು ಬೇಡ.

6. ತಪ್ಪು ಕಲ್ಪನೆ: ಊರಿನ ತಂಡದ ಕುಣಿತದಿಂದ ಕೆಲವರನ್ನು ತೆಗೆದರೆ ಕಾಲೇಜಿನ ಕುಣಿತ ಆಗುತ್ತದೆ, ಅದೂ ಗಟ್ಟಿಮುಟ್ಟಾದ ಹುಡುಗರಿದ್ದರೆ ಮಾತ್ರ.

ವಾಸ್ತವ: ಹದಿನಾರು ಜನಕ್ಕೆ ಕಟ್ಟಿದ ವಿನ್ಯಾಸದಿಂದ ಆರು ಜನ ಹೋದರೆ ಉಳಿಯುವುದು ತೂತುಗಳು. ಹತ್ತು ಜನಕ್ಕೆ ಹೊಸದಾಗಿಯೇ ಕಟ್ಟಬೇಕು. ನಿಯಮದ ಪ್ರಕಾರ ಪಕ್ಕವಾದ್ಯಕ್ಕೆ ಇನ್ನೂ 5 ಜನ ಬರಬಹುದು. ತಾಳ ಹಿಡಿದವನು ಇಡೀ ಕುಣಿತದ ಚುಕ್ಕಾಣಿ, ತಂಡದಲ್ಲಿ ಲಯಜ್ಞಾನ ಹೆಚ್ಚಿರುವವರಿಗೇ ಆ ಕೆಲಸ ಸಲ್ಲಬೇಕು. ಹಾಡುವ ದನಿಯೊಂದು ಗಟ್ಟಿಯಿದ್ದರೆ ವಿಳಂಬದ ಮೂರು ನಿಮಿಷ ತಾನಾಗಿ ತುಂಬುತ್ತದೆ.

ಇನ್ನು ಗಟ್ಟಿಮುಟ್ಟಿನ ಮಾತು. ಸಾಗರದ ಕಡೆಯ ಮಹಿಳಾ ಡೊಳ್ಳು ತಂಡಗಳು ಇದಕ್ಕೆ ಎಂದೋ ಉತ್ತರ ಕೊಟ್ಟಿವೆ. ಡೊಳ್ಳಿಗೆ ಬೇಕಾದದ್ದು ದಮ್ಮು. ಅದು ಅಭ್ಯಾಸದಿಂದ ಬರುತ್ತದೆ.

ಮಲೆನಾಡಿನವರು ಮರೆಯಬಾರದ ಸಂಗತಿ ಇನ್ನೊಂದಿದೆ. ಮಳೆಗಾಲದ ಥಂಡಿಗೆ ಚರ್ಮ ಸಡಿಲಾಗಿ ಡೊಳ್ಳಿನ ದನಿ ಮಂಕಾಗುತ್ತದೆ. ಹದವಾದ ಕಾವು ತೋರಿಸಿ, ಹಗ್ಗ ಬಿಗಿದು, ಹತ್ತೂ ಡೊಳ್ಳು ಒಂದೇ ಮಟ್ಟಕ್ಕೆ ಬಂದವೇ ಎಂದು ಕೇಳಿಯೇ ವೇದಿಕೆ ಹತ್ತಬೇಕು. ಸದ್ದು ಸತ್ತಿದ್ದರೆ ಯಾವ ಲಾಗವೂ ಕಾಯುವುದಿಲ್ಲ.

ಹಾಗಾದರೆ ಶುರು ಎಲ್ಲಿಂದ? ಮೊದಲ ದಿನ ಹೆಜ್ಜೆ ಕಲಿಸುವುದಕ್ಕೆ ಮುಂಚೆ ಪಟ್ಟಿ ಮಾಡಿ: ಹತ್ತೂ ಜನಕ್ಕೆ ತಪ್ಪದೆ ಬರುವ ಗತ್ತು ಎಷ್ಟು, ಕೂತು ಬಾರಿಸಬಲ್ಲವರು ಯಾರು, ತಿರುಗುತ್ತಾ ಬಾರಿಸಬಲ್ಲವರು ಯಾರು, ದನಿ ಯಾರದು? ಒಬ್ಬರಿಗಷ್ಟೇ ಬರುವುದನ್ನು ಪಟ್ಟಿಯ ಕೊನೆಗೆ ಹಾಕಿ. ವಾರಕ್ಕೊಮ್ಮೆ ತೀರ್ಪುಗಾರರು ಕೂರುವ ದೂರದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ, ದನಿ ಮುಚ್ಚಿ ಒಮ್ಮೆ, ಚಿತ್ರ ಮುಚ್ಚಿ ಒಮ್ಮೆ ಪರೀಕ್ಷಿಸಿ. ಕಣ್ಣಿಗೆ ಸಾಲು ನೇರವಾಗಿ, ಕಿವಿಗೆ ಪೆಟ್ಟು ಒಂದಾಗಿ ಬಂದರೆ ಆ ತಂಡ ಧೈರ್ಯವಾಗಿ ಹೆಸರು ಕೊಡಬಹುದು.