ಎಳೆಯುವ ಬಲಕ್ಕಿಂತ ತಡೆಯುವ ಬಲ ದೊಡ್ಡದು

ಪುಷ್ಯ ಮಾಸ ಬಂದಿತೆಂದರೆ ನಮ್ಮ ಸೀಮೆಯ ದಾರಿಗಳೆಲ್ಲ ಬಾದಾಮಿಯ ಬನಶಂಕರಿಯತ್ತ ತಿರುಗುತ್ತವೆ. ಬನದ ಹುಣ್ಣಿಮೆಯ ತೇರಿಗೆಂದು ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಸುತ್ತಲ ಹಳ್ಳಿಗಳ ಮನೆಮಂದಿ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಜನವರಿಯಲ್ಲಿಯೇ ಕೂಡಲಸಂಗಮದಲ್ಲಿ ಶರಣಮೇಳವೂ ನೆರೆಯುತ್ತದೆ. ಹಿಂದೆ ಈ ದಾರಿಗಳನ್ನು ಸವೆಸಿದವು ಕೊಲ್ಲಾರಿ ಬಂಡಿಗಳು. ಮೇಲೆ ಬಿದಿರಿನ ಕಮಾನು, ಒಳಗೆ ಹುಲ್ಲಿನ ಮೆತ್ತೆ, ಅದರ ಮೇಲೆ ಕೌದಿ. ಇಂದು ಅವುಗಳ ಸ್ಥಾನಕ್ಕೆ ಟ್ರ್ಯಾಕ್ಟರು, ಟ್ರೇಲರುಗಳು ಬಂದಿವೆ. ತಾಡಪತ್ರಿ ಹೊದಿಸಿದರೆ ಟ್ರೇಲರೇ ಅಡುಗೆಮನೆ, ರಾತ್ರಿಗೆ ಅದೇ ಹಾಸಿಗೆ.

ಅಮೆರಿಕದಲ್ಲಿ ಕುಟುಂಬಗಳು ಪಿಕಪ್ ವಾಹನದ ಹಿಂದೆ ಗಾಲಿಗಳುಳ್ಳ ಮನೆಯನ್ನೇ ಕಟ್ಟಿಕೊಂಡು ಪ್ರವಾಸ ಹೋಗುತ್ತವೆ. ನಾಡು ಬೇರೆಯಾದರೂ ಕೇಳಬೇಕಾದ ಪ್ರಶ್ನೆ ಒಂದೇ: ಎಳೆಯುವ ವಾಹನವು ಎಂಥದಿರಬೇಕು?

ನಮ್ಮ ತರುಣರು ಮೊದಲು ಕೇಳುವುದು ಎಷ್ಟು ಎಚ್.ಪಿ. ಎಂದು. ನಮ್ಮ ಹಿರಿಯರು ಎತ್ತು ಕೊಳ್ಳುವಾಗ ಏರಿನಲ್ಲಿ ಜಗ್ಗುವ ಬಲವನ್ನಷ್ಟೇ ನೋಡುತ್ತಿರಲಿಲ್ಲ. ಇಳಿಜಾರಿನಲ್ಲಿ ಬಂಡಿಯನ್ನು ಹಿಂದಕ್ಕೆ ಒತ್ತಿ ಹಿಡಿಯಬಲ್ಲ ಜೋಡಿಯನ್ನು ಅರಸುತ್ತಿದ್ದರು. ಯಂತ್ರಕ್ಕೂ ಈ ಮಾತು ಅನ್ವಯಿಸುತ್ತದೆ.

ಈ ಪಾಠವನ್ನು ನಾವು ಕಲಿತದ್ದು ಬನಶಂಕರಿಯಿಂದ ಮರಳುವಾಗಿನ ಒಂದು ಇಳಿಜಾರಿನಲ್ಲಿ. ಜಾತ್ರೆಯಲ್ಲಿ ಕೊಂಡ ಬಾಗಿಲು, ಚೌಕಟ್ಟುಗಳು ಟ್ರೇಲರಿನ ಹಿಂಬದಿಯಲ್ಲಿದ್ದವು. ಅವುಗಳ ಮುಂದೆ ಹೆಣ್ಣುಮಕ್ಕಳು, ಕೂಸುಗಳು. ಬ್ರೇಕು ಒತ್ತಿದೊಡನೆ ಟ್ರ್ಯಾಕ್ಟರು ನಿಲ್ಲಲು ನೋಡಿತು. ಟ್ರೇಲರು ನಿಲ್ಲಲೊಲ್ಲದೆ ಅದನ್ನು ಓರೆಯಾಗಿ ದಬ್ಬಿತು. ರಸ್ತೆಯ ಬದಿಯ ಮಣ್ಣಿನ ದಿಬ್ಬವು ನಮ್ಮನ್ನು ಉಳಿಸಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಮಡಿಲ ಕೂಸನ್ನು ಅವುಚಿ ಹಿಡಿದಿದ್ದ ಸೊಸೆಯ ಮುಖವನ್ನು ನಾವು ಇಂದಿಗೂ ಮರೆತಿಲ್ಲ.

ಕಾರಣವು ಸರಳವಾದುದು. 35ರಿಂದ 50 ಎಚ್.ಪಿ.ಯ ಟ್ರ್ಯಾಕ್ಟರಿನ ಸ್ವಂತ ತೂಕ ಸುಮಾರು 2 ಟನ್. ತುಂಬಿದ ಟ್ರೇಲರು 5 ಟನ್ ತೂಗಬಹುದು. ನಮ್ಮ ಕಡೆಯ ಅನೇಕ ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಎಂದರೆ 2 ಟನ್ನಿನ ಯಂತ್ರವು ತನ್ನ ಗಾಲಿಗಳ ಹಿಡಿತವೊಂದರಿಂದಲೇ 7 ಟನ್ನನ್ನು ನಿಲ್ಲಿಸಬೇಕು. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಟ್ರ್ಯಾಕ್ಟರು ಕೊಳ್ಳುವವರು ಎಚ್.ಪಿ.ಯೊಡನೆ ಅದರ ತೂಕವನ್ನೂ ಕೇಳಬೇಕು. ಆಯಿಲ್ ಬ್ರೇಕ್ ಇದೆಯೇ, ಟ್ರೇಲರಿಗೂ ಬ್ರೇಕು ಜೋಡಿಸಲು ಅನುಕೂಲವಿದೆಯೇ ಎಂದು ವಿಚಾರಿಸಬೇಕು. ಇನ್ನು ಚಿಕ್ಕ ಪಿಕಪ್ ವಾಹನಗಳನ್ನು ತಮ್ಮ ಮೈಮೇಲೆ ಸರಕು ಹೊರುವುದಕ್ಕಾಗಿ ಮಾಡಿರುತ್ತಾರೆ. ಅವುಗಳ ಹಿಂದೆ ಟ್ರ್ಯಾಕ್ಟರಿನ ಟ್ರೇಲರನ್ನು ಕಟ್ಟುವುದು ಸರ್ವಥಾ ಸಲ್ಲದು.

ಹೊರಡುವ ಮುನ್ನ ನೋಡಬೇಕಾದ ಸಂಗತಿಗಳು ಕೆಲವಿವೆ. ಹೊಲದಲ್ಲಿ ತಿರುಗಿಸಲು ಅನುಕೂಲವಾಗಲೆಂದು ಟ್ರ್ಯಾಕ್ಟರಿನ ಎಡಬಲದ ಗಾಲಿಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲುಗಳಿರುತ್ತವೆ. ರಸ್ತೆಗೆ ಬಂದಾಗ ಎರಡನ್ನೂ ಚಿಲಕದಿಂದ ಕೂಡಿಸದಿದ್ದರೆ ಒಂದೇ ಗಾಲಿ ಹಿಡಿದು ಟ್ರ್ಯಾಕ್ಟರು ಗಕ್ಕನೆ ತಿರುಗೀತು. ಕೊಂಡಿಯ ಪಿನ್ನಿಗೆ ಕ್ಲಿಪ್ಪು ಇರಲಿ, ಜೊತೆಗೊಂದು ಸರಪಳಿಯೂ ಇರಲಿ. ಎರಡು ಗಾಲಿಯ ಟ್ರೇಲರಿನಲ್ಲಿ ಭಾರವನ್ನೆಲ್ಲ ಹಿಂದಕ್ಕೆ ಹೇರಬಾರದು. ಬಂಡಿಗೆ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುವಂತೆ, ಟ್ರೇಲರಿಗೆ ಹಿಂಭಾರವಾದರೆ ಅದು ಕೊಂಡಿಯನ್ನು ಮೇಲಕ್ಕೆತ್ತಿ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹಿಡಿತವನ್ನು ಕುಂದಿಸುತ್ತದೆ. ಅಮೆರಿಕದ ಪ್ರವಾಸಿಗರೂ ಟ್ರೇಲರಿನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಬೀಳುವಂತೆ ಹೇರುತ್ತಾರೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು ಆತ್ಮಘಾತವೇ ಸರಿ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಆ ದಿನಗಳು ಕಬ್ಬಿನ ಹಂಗಾಮಿನವು. ಹಿಂಬದಿಯಲ್ಲಿ ಕೆಂಪು ದೀಪ, ಹೊಳೆಯುವ ಪಟ್ಟಿ ಇಲ್ಲದ ಟ್ರೇಲರು ಕತ್ತಲಲ್ಲಿ ಹಿಂದಿನವರಿಗೆ ಕಾಣುವುದೇ ಇಲ್ಲ.

ವಾಹನದಷ್ಟೇ ಮುಖ್ಯನಾದವನು ಅದನ್ನು ನಡೆಸುವವನು. ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜನರ ದುಶ್ಚಟಗಳನ್ನೇ ತಮ್ಮ ಜೋಳಿಗೆಗೆ ಭಿಕ್ಷೆಯಾಗಿ ಬೇಡಿದರು. ಆ ಜೋಳಿಗೆಯ ನೆಲದಿಂದ ಹೊರಡುವ ವಾಹನವನ್ನು ಕುಡಿದವನ ಕೈಗೆ ಕೊಡುವುದು ನಮಗೆ ಶೋಭಿಸದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಂದು ಮಾತು ಉಳಿಯುತ್ತದೆ. ಟ್ರೇಲರು ಇರುವುದು ಸರಕಿಗೆ, ಮನುಷ್ಯರಿಗಲ್ಲ. ಸರಕು ವಾಹನದಲ್ಲಿ ಪುಕ್ಕಟೆಯಾಗಿ ಪ್ರಯಾಣಿಸುವವರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರ ಡಿಸೆಂಬರಿನಲ್ಲಿ ತೀರ್ಪು ನೀಡಿದೆ. ಅನಾಹುತವಾದರೆ ಜೀವದ ಜೊತೆಗೆ ಟ್ರ್ಯಾಕ್ಟರಿನ ಒಡೆಯನ ಹೊಲಮನೆಯೂ ಹೋದೀತು.

ಆದುದರಿಂದ ನಮ್ಮ ಮನೆಯಲ್ಲಿ ಈಗ ಒಂದು ಕಟ್ಟಳೆಯಿದೆ. ಪಾತ್ರೆಪಗಡ, ಹಿಟ್ಟು, ಹಾಸಿಗೆ ಟ್ರೇಲರಿನಲ್ಲಿ. ಹಿರಿಯರು, ಹೆಣ್ಣುಮಕ್ಕಳು, ಕೂಸುಗಳು ಬಸ್ಸಿನಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ನಾಡಿನ ಹೆಣ್ಣುಮಕ್ಕಳಿಗೆ ಟಿಕೀಟಿನ ಖರ್ಚೂ ಇಲ್ಲ. ಎಲ್ಲರೂ ಒಂದೇ ಬಂಡಿಯಲ್ಲಿ ಹಾಡಿಕೊಂಡು ಹೋಗುವ ಸೊಗಸು ತಪ್ಪಿತೆಂದು ನಮ್ಮ ಅಜ್ಜಿಗೆ ಬೇಸರವಿದೆ. ಆ ಬೇಸರ ನಮಗೂ ಇದೆ. ಆದರೆ ತೇರಿನ ಮುಂದೆ ಎಲ್ಲರೂ ಮತ್ತೆ ಒಂದಾಗಿ ನಿಲ್ಲುತ್ತೇವಲ್ಲ, ಅದಕ್ಕಿಂತ ದೊಡ್ಡ ಸೊಗಸು ಯಾವುದು? ದೇವರ ದರ್ಶನಕ್ಕೆ ಹೋದವರೆಲ್ಲರೂ ಮನೆಗೆ ಮರಳಿದಾಗಲೇ ಯಾತ್ರೆ ಪೂರ್ಣವಾಯಿತೆಂದು ತಿಳಿಯೋಣ.